ಬೆನ್ನಿಯ ಬಿಲ್ಲೆ

ಬಿಲ್ಲೆಗಳನ್ನು ನಾನೇ ಮಾಡಿದ್ದು. ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿದ್ದ ಹಿತ್ತಾಳೆ ತಗಡನ್ನು ದುಂಡಗೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಮೇಲೊಂದು ತೂತು ಕೊರೆದು, ಒಬ್ಬೊಬ್ಬರ ಹೆಸರನ್ನು ಅಕ್ಷರದ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಿದ್ದೆ. ಹಾಗೆ ಹೊಡೆದರೆ ಹಿಂಬದಿಯಲ್ಲಿ ಅಕ್ಷರಗಳು ಸಣ್ಣಗೆ ಉಬ್ಬಿಕೊಳ್ಳುತ್ತವೆ. ಅದನ್ನೂ ಉಜ್ಜಿ ಸಪಾಟು ಮಾಡಬೇಕಿತ್ತು, ಆದರೆ ನನಗೆ ಉದಾಸೀನ. ಹಿಂದೆ ಯಾರು ನೋಡ್ತಾರೆ ಅಂತ ಬಿಟ್ಟೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಸೇವು, ಚಕ್ಕುಲಿ, ಮಿಕ್ಸ್ಚರ್ ಕರಿದು ಪ್ಯಾಕೆಟ್ ಮಾಡುವ ಕಾರ್ಖಾನೆಯಲ್ಲಿ ನಾನು ಫಿಟ್ಟರ್. ಜೊತೆಗೆ ಅಲ್ಲಿಯ ಫೈರ್ ಟೀಮಿನ ಮುಖ್ಯಸ್ಥ. ಮುಖ್ಯಸ್ಥ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ ಮಾರಾಯ್ರೆ. ನಾವು ಸಂಬಳದ ಫೈರ್‌ಮನ್‌ಗಳಲ್ಲ. ನಮ್ಮ ನಮ್ಮ ಕೆಲಸದ ನಡುವೆ ಇದನ್ನೂ ಮಾಡುತ್ತೇವೆ ಅಂತ ಸ್ವಂತ ಇಷ್ಟದಿಂದ ಹೆಸರು ಕೊಟ್ಟವರು. ಬೆಂಕಿ ಬಿದ್ದರೆ ಸರಕಾರಿ ಫೈರ್ ಬ್ರಿಗೇಡ್ ಬರುವ ತನಕ ಹಿಡಿದಿಡಬೇಕು, ಅಷ್ಟೇ.

ಒಂದು ಪಾಳಿಗೆ ನಾಲ್ಕು ಜನ ಬೇಕು. ಒಬ್ಬ ಗ್ಯಾಸ್ ಮತ್ತು ಕರೆಂಟು ಬಂದ್ ಮಾಡಲಿಕ್ಕೆ. ಇಬ್ಬರು ನೊರೆಯ ಪೈಪು ಹಿಡಿಯಲಿಕ್ಕೆ, ಯಾಕೆಂದರೆ ಕುದಿಯುವ ಎಣ್ಣೆಗೆ ನೀರು ಹೊಡೆದರೆ ಮನೆಯೇ ಹೋದ ಹಾಗೆ. ನಾಲ್ಕನೆಯವ ಮಹಡಿಯ ಕ್ಯಾಂಟೀನು, ಲಾಕರ್ ರೂಮು, ಟಾಯ್ಲೆಟ್ಟು ಎಲ್ಲ ನೋಡಿ, ಯಾರೂ ಉಳಿದಿಲ್ಲ ಅಂತ ಗೇಟಿಗೆ ಬಂದು ಹೇಳಬೇಕು. ಗೇಟಿನ ಕೋಣೆಯಲ್ಲಿ ಒಂದು ಹಲಗೆ, ಹಲಗೆಗೆ ಕೊಕ್ಕೆಗಳು. ಪಾಳಿಗೆ ಬಂದವ ತನ್ನ ಬಿಲ್ಲೆ ಅಲ್ಲಿ ನೇತುಹಾಕಬೇಕು, ಹೋಗುವಾಗ ತೆಗೆದುಕೊಂಡು ಹೋಗಬೇಕು. ನಾಲ್ಕು ಬಿಲ್ಲೆ ಕಾಣದೆ ಎಣ್ಣೆ ಕಾಯಿಸುವ ಫ್ರೈಯರ್ ಹೊತ್ತಿಸುವ ಹಾಗಿಲ್ಲ. ಇದು ಇನ್ಶೂರೆನ್ಸಿನವರು ಹಾಕಿದ ಕಟ್ಟುನಿಟ್ಟು.

ಆದರೆ ನಾಲ್ಕು ಜನ ಎಲ್ಲಿಂದ ತರುವುದು? ನಾನು ಸೇರಿದಾಗ ಎಲ್ಲರೂ ಕಾಯಂ ಕೆಲಸಗಾರರು, ಟೀಮಿಗೆ ಬರಲಿಕ್ಕೆ ಸಾಲು ನಿಲ್ಲುತ್ತಿದ್ದರು. ಆಮೇಲೆ ಕಂಪನಿ ಕಾಯಂ ಜನರನ್ನು ಕಡಿಮೆ ಮಾಡಿ ಏಜೆನ್ಸಿಯಿಂದ ದಿನಗೂಲಿಗೆ ಕರೆಸತೊಡಗಿತು. ಏಜೆನ್ಸಿಯವರನ್ನು ಟೀಮಿಗೆ ಹಾಕುವ ಹಾಗಿಲ್ಲ. ಅವರಿಗೇನಾದರೂ ಆದರೆ ಜವಾಬ್ದಾರಿ ಯಾರದ್ದು ಅಂತ ಎರಡು ಆಫೀಸುಗಳ ನಡುವೆ ಜಗಳ. ಉಳಿದ ಕಾಯಂನವರಿಗೆ ವಯಸ್ಸಾಯಿತು, ಮೊಣಕಾಲು ನೋವು, ಬೆನ್ನು ನೋವು. ನಾನು ಕ್ಯಾಂಟೀನಿನಲ್ಲಿ ಮೇಜಿನಿಂದ ಮೇಜಿಗೆ ಭಿಕ್ಷೆ ಬೇಡಿದ ಹಾಗೆ ತಿರುಗಿದೆ.

"ನೊರೆ ಹೊಡೆಯುವುದು ಕಲಿಸ್ತೇನೆ, ಸುಲಭ ಉಂಟು, ಬನ್ನಿ."

"ಬೆಂಕಿ ಬಿದ್ರೆ ನಾನು ಓಡುವ ದಿಕ್ಕೇ ಬೇರೆ, ಬ್ರದರ್," ಅಂತ ಒಬ್ಬ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಂತ ಮಾಡುವುದು.

ಮ್ಯಾನೇಜರಿಗೆ ಹೇಳಿದೆ, ಜನ ಸಾಲದು ಅಂತ. "ನೋಡೋಣ" ಅಂದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರ ಜಾತಿ ಎಲ್ಲ ಊರಲ್ಲೂ ಒಂದೇ.

ಒಂದು ದಿನ ಹಲಗೆಯಲ್ಲಿ ನಾಲ್ಕು ಬಿಲ್ಲೆ ಉಂಟು, ಒಳಗೆ ಬಂದು ನೋಡಿದರೆ ಇಬ್ಬರೇ. ಉಳಿದ ಇಬ್ಬರು ಮನೆಗೆ ಹೋಗುವಾಗ ಬಿಲ್ಲೆ ಬಿಟ್ಟು ಹೋಗಿದ್ದರು, ಬೇಕೆಂದೇ. ನನಗೆ ಕೋಪ ನೆತ್ತಿಗೇರಿತು. ಅಂದಿನಿಂದ ಪಾಳಿ ಬದಲಾಗುವಾಗ ನಾನೇ ಗೇಟಿನಲ್ಲಿ ನಿಂತು, ಹೋಗುವವರ ಕೈಗೆ ಬಿಲ್ಲೆ ಕೊಟ್ಟೇ ಕಳಿಸತೊಡಗಿದೆ. ಮುಂದಿನ ಪಾಳಿಗೂ ನಿಲ್ಲುವವರು ಅದನ್ನು ಕೈಗೆ ತೆಗೆದುಕೊಂಡು ಮತ್ತೆ ನೇತುಹಾಕಬೇಕು. ಬಿಲ್ಲೆ ಮನುಷ್ಯನ ಜೊತೆ ಮನೆಗೆ ಹೋಗಬೇಕು, ಮನುಷ್ಯನ ಜೊತೆ ಬರಬೇಕು ಅಂತ ಕಟ್ಟಪ್ಪಣೆ ಮಾಡಿದೆ.

ಮರುವಾರವೇ ಒಂದು ಮಧ್ಯಾಹ್ನ ಹಲಗೆಯಲ್ಲಿ ಮೂರೇ ಕಂಡವು. ಫ್ರೈಯರ್ ಹೊತ್ತಿಸಬೇಡಿ ಅಂದೆ. ಮ್ಯಾನೇಜರ್ ಕೆಂಪಗಾದರು, ಕೂಗಿದರು, ಕೊನೆಗೆ ಒಪ್ಪಿದರು. ಪ್ಯಾಕಿಂಗಿನ ಏಜೆನ್ಸಿ ಹೆಂಗಸರನ್ನೆಲ್ಲ ವಾಪಸು ಕಳಿಸಿದರು. ಬಂದದ್ದೇ ಬಂತು, ಕೂಲಿ ಇಲ್ಲ. ಅವರಲ್ಲಿ ಒಬ್ಬಳು ಗುಜರಾತಿ ಮುದುಕಿ, ಸೀರೆಯ ಮೇಲೆ ಗಂಡಸರ ಕೋಟು ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬರುತ್ತಿದ್ದವಳು, ನನ್ನ ಹತ್ತಿರ ಬಂದು ಹಿಂದಿಯಲ್ಲಿ, "ಒಂದು ಹಿತ್ತಾಳೆ ತುಂಡಿಗೋಸ್ಕರ ನಮ್ಮ ದಿನ ಕಳೆದೆಯಲ್ಲ ಮಗಾ" ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೆನ್ನಿ ನನ್ನ ಪಕ್ಕದಲ್ಲೇ ನಿಂತಿದ್ದ, ಎಲ್ಲ ಕೇಳಿಸಿಕೊಂಡ.

ಬೆನ್ನಿ ನಮ್ಮ ಸ್ಟೋರಿನವ, ಉಡುಪಿ ಕಡೆಯ ಕ್ರಿಶ್ಚಿಯನ್ ಹುಡುಗ. ಹುಡುಗ ಅಂದರೂ ಎರಡು ಮಕ್ಕಳ ತಂದೆ. ನಾನು ಮಂಗಳೂರಿನವನಾದ್ದರಿಂದ ಮೊದಲ ದಿನವೇ "ಅಣ್ಣಾ" ಅಂತ ಶುರು ಮಾಡಿದ. ಯಾರಿಗೂ ಇಲ್ಲ ಅನ್ನಲಿಕ್ಕೆ ಬಾರದ ಮನುಷ್ಯ. ಹೌನ್ಸ್ಲೋದಲ್ಲಿ ಮನೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ನೈಟ್ ಡ್ಯೂಟಿ. ಇವನು ಬೆಳಗಿನ ಪಾಳಿ ಮುಗಿಸಿ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಇನ್ನೊಂದು ಪಾಳಿ ಹೊರುತ್ತಿದ್ದ. ಬಿಪಿ ಜಾಸ್ತಿಯಾಗಿ ಡಾಕ್ಟರು ಬೈದ ಮೇಲೆ ಹೆಂಡತಿ ಅದನ್ನು ಬಿಡಿಸಿದ್ದಳು. ಬಿಟ್ಟಿದ್ದೇನೆ ಅಂತ ನನಗೂ ಹೇಳಿದ್ದ.

ಆ ಮಧ್ಯಾಹ್ನದ ನಂತರ ನಮ್ಮ ಹಲಗೆ ಯಾವತ್ತೂ ಖಾಲಿ ಇರಲಿಲ್ಲ. ಜನ ಕಡಿಮೆ ಬಿದ್ದ ದಿನ ಬೆನ್ನಿ, "ನಾನು ನಿಲ್ತೇನೆ ಅಣ್ಣಾ, ನೀವು ತಲೆಬಿಸಿ ಮಾಡ್ಬೇಡಿ" ಅನ್ನುತ್ತಿದ್ದ. ನಾಲ್ಕನೆಯ ಬಿಲ್ಲೆ ಕೊಕ್ಕೆಯಲ್ಲಿ ಇರುತ್ತಿತ್ತು. ಅವನ ಕೆಲಸ ಹಿಂದಿನ ಗೋಡೌನಿನಲ್ಲಿ, ನಾನಿರುವುದು ಫ್ರೈಯರ್ ಹತ್ತಿರ. ಇಡೀ ಪಾಳಿ ಮುಖ ಕಾಣದಿದ್ದರೂ ವಿಶೇಷವಲ್ಲ. ನನ್ನ ಶಿಸ್ತು ಫಲ ಕೊಟ್ಟಿತು ಅಂತ ನಾನು ಎದೆ ಉಬ್ಬಿಸಿ ತಿರುಗಾಡಿದೆ. ನಾನು ಚಾಪೆ ಕೆಳಗೆ ನುಸುಳಿದರೆ ಇನ್ನೊಬ್ಬರು ರಂಗೋಲಿ ಕೆಳಗೆ ನುಸುಳಿದ್ದರು. ಅದು ಗೊತ್ತಾದದ್ದು ನವೆಂಬರಿನ ಒಂದು ಸಂಜೆ, ಇನ್ನೂ ನಾಲ್ಕು ಗಂಟೆ ಆಗದಿದ್ದರೂ ಹೊರಗೆ ಬೆಳಕು ಸೊರಗಿದ ಹೊತ್ತಿಗೆ.

ಮೊದಲು ವಾಸನೆ ಬಂತು. ಎಣ್ಣೆ ಕರಟುವ ವಾಸನೆ ನಮಗೆ ದಿನವೂ ಇದ್ದದ್ದೇ, ಇದು ಅದಲ್ಲ. ತಲೆ ಎತ್ತಿ ನೋಡಿದರೆ ಫ್ರೈಯರಿನ ಆವಿ ಹೋಗುವ ಡಕ್ಟಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತಾ ಉಂಟು. ಒಳಗಿನ ಜಿಡ್ಡಿಗೆ ಬೆಂಕಿ ಹಿಡಿದಿತ್ತು. ನಾನು ಗಂಟೆ ಒತ್ತಿದೆ. ನಮ್ಮ ಟೀಮಿನವನೇ ಆದ ಬಾಯ್ಲರಿನ ಐರಿಶ್ ಅಜ್ಜ ಗ್ಯಾಸ್ ಬಂದ್ ಮಾಡಿ ಮೇನ್ ಸ್ವಿಚ್ ಎಳೆದ. ಫೋರ್ಕ್‌ಲಿಫ್ಟಿನ ಸರ್ದಾರ್ಜಿಯೂ ನಾನೂ ನೊರೆಯ ಪೈಪು ಹಿಡಿದೆವು. ಕಡಾಯಿಯ ಎಣ್ಣೆಯ ಮೇಲೆ ಬಿಳಿ ನೊರೆ ಕಂಬಳಿಯ ಹಾಗೆ ಹರಡಿತು, ಕೆಳಗಿನ ಬೆಂಕಿ ನಿಂತಿತು. ಅಷ್ಟು ನಾವು ಸರಿಯಾಗಿಯೇ ಮಾಡಿದೆವು.

ಆದರೆ ಬೆಂಕಿ ಡಕ್ಟಿನ ಜೊತೆ ಮೇಲೆ ಹೋಗಿಯಾಗಿತ್ತು. ಆ ಕಟ್ಟಡದ ಗೋಡೆ, ಸೀಲಿಂಗ್ ಎಲ್ಲ ಎರಡು ತೆಳು ತಗಡಿನ ನಡುವೆ ಥರ್ಮಾಕೋಲ್ ತುಂಬಿದ ಹಲಗೆಗಳು. ಒಳಗೊಳಗೇ ಉರಿಯುತ್ತದೆ, ಹೊರಗೆ ಕಾಣುವುದಿಲ್ಲ. ಕಂಡಾಗ ಹೊತ್ತು ಮೀರಿರುತ್ತದೆ. ಕಪ್ಪು ಹೊಗೆ ಇಳಿದದ್ದೇ ನಾವು ಪೈಪು ಬಿಟ್ಟು ಹೊರಗೆ ಓಡಿದೆವು.

ಅಂಗಳದಲ್ಲಿ ಪ್ಯಾಕಿಂಗಿನ ಮೇಸ್ತ್ರಿಯಮ್ಮ ತನ್ನ ಹೆಂಗಸರನ್ನು ತಲೆ ಮುಟ್ಟಿ ಎಣಿಸಿ, ಎಲ್ಲರೂ ಇದ್ದಾರೆ ಅಂದಳು. ಅಷ್ಟರಲ್ಲಿ ಬ್ರಿಗೇಡಿನ ಗಾಡಿ ಬಂತು. ಅವರ ಆಫೀಸರ್ ಇಳಿದವರೇ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಟೀಮ್ ಎಲ್ಲ ಹೊರಗೆ ಬಂತಾ?"

ಹಲಗೆ ನೋಡಿದೆ. ನಾಲ್ಕು ಬಿಲ್ಲೆ. ನಾವು ಮೂರು ಜನ.

"ಬೆನ್ನಿ!" ಅಂದೆ. "ಬೆನ್ನಿ ಬಂದಿಲ್ಲ! ಮಹಡಿ ನೋಡುವ ಕೆಲಸ ಅವನದ್ದು. ಲಾಕರ್ ರೂಮಿನಲ್ಲಿ ಇರ್ಬೇಕು!"

ಬ್ರಿಗೇಡಿನ ಇಬ್ಬರು ಉಸಿರಾಟದ ಸಿಲಿಂಡರ್ ಬೆನ್ನಿಗೇರಿಸಿ, ಮುಖವಾಡ ಬಿಗಿದುಕೊಂಡು ಹೊರಟರು. ಒಬ್ಬ ತಿರುಗಿ ನನ್ನನ್ನು ಕೇಳಿದ, "ಏನಂತ ಕರೆಯಬೇಕು?" ನಾನು ಇನ್ನೊಮ್ಮೆ ಹೆಸರು ಹೇಳಿದೆ. ಹೆಬ್ಬೆರಳು ಎತ್ತಿ ತೋರಿಸಿ ಒಳಗೆ ಹೋದ. ಮೆಟ್ಟಿಲ ಕಡೆಯಿಂದ ಅವನ ಕೂಗು ಕೇಳತೊಡಗಿತು. ಮುಖವಾಡದೊಳಗಿಂದ ಬರುವ ಸ್ವರ ಕೊಡಪಾನದೊಳಗೆ ಬಾಯಿಟ್ಟು ಕೂಗಿದ ಹಾಗೆ. "ಬೆನ್ನೀ... ಬೆನ್ನೀ..." ಒಂದು ಕೂಗು, ಸ್ವಲ್ಪ ನಿಲ್ಲಿಸಿ ಕಿವಿಗೊಡುವುದು, ಮತ್ತೆ ಕೂಗು. ಇವತ್ತೂ ಸ್ನಾನದ ಮನೆಯಲ್ಲಿ ನೀರಿನ ಸದ್ದಿನ ನಡುವೆ ನನಗೆ ಅದು ಕೇಳುವುದುಂಟು.

ಗೇಟಿನವನಿಗೆ ಬೆನ್ನಿ ಒಳಗೆ ಹೋದದ್ದೂ ಗೊತ್ತಿಲ್ಲ, ಹೊರಗೆ ಹೋದದ್ದೂ ಗೊತ್ತಿಲ್ಲ. ಪಾಳಿ ಬದಲಾಗುವ ಗಡಿಬಿಡಿಯಲ್ಲಿ ಹಲಗೆ ಮಾತ್ರ ನೋಡಿದ್ದನಂತೆ. ನಾನು ಅಲ್ಲಿಂದಲೇ ಬೆನ್ನಿಯ ಮನೆಗೆ ಫೋನ್ ಮಾಡಿದೆ. ಅವನ ಹೆಂಡತಿ ನಿದ್ದೆಗಣ್ಣಲ್ಲಿ ಎತ್ತಿದಳು.

"ಬೆನ್ನಿ ಮನೆಗೆ ಬಂದಿದ್ದಾನಾ ತಂಗೀ?"

"ಇಲ್ಲ ಅಣ್ಣಾ. ಇವತ್ತು ಟೀಮ್ ಡ್ಯೂಟಿ ಅಂದಿದ್ರು. ನಿಮ್ಮ ಜೊತೆಗೇ ಇರ್ಬೇಕಲ್ಲ?" ಆಮೇಲೆ ಸ್ವರ ಬದಲಾಯಿತು. "ಅಣ್ಣಾ, ಅದು ಎಂತ ಶಬ್ದ?"

ನಾನು ಮತ್ತೆ ಮಾಡ್ತೇನೆ ಅಂತ ಫೋನ್ ಇಟ್ಟೆ. ಹಾಗಾದರೆ ಒಳಗೇ ಇದ್ದಾನೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಅವನ ಬಿಲ್ಲೆಯನ್ನು ಕೊಕ್ಕೆಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದೆ. ದೇವರ ಪ್ರಸಾದ ಹಿಡಿದ ಹಾಗೆ ಬಿಗಿಯಾಗಿ. ಹೆಬ್ಬೆರಳು ಹಿಂಬದಿಗೆ ತಾಗಿತು.

ಸಪಾಟು. ಒಂದೇ ಒಂದು ಉಬ್ಬು ಇಲ್ಲ. ತಿರುಗಿಸಿ ನೋಡಿದೆ. ಅಕ್ಷರಗಳು ಹೊಡೆದದ್ದಲ್ಲ, ಮೆಷಿನ್ನಿನಲ್ಲಿ ಕೊರೆದದ್ದು. ಟ್ಯೂಬ್ ರೈಲಿನ ಸ್ಟೇಷನ್ ಪಕ್ಕದಲ್ಲಿ ಚಪ್ಪಲಿ ಹೊಲಿದು ಬೀಗದ ಕೈ ಮಾಡಿಕೊಡುವವ ನಾಯಿಯ ಕೊರಳಿನ ಬಿಲ್ಲೆಗೆ ಹೆಸರು ಕೊರೆದುಕೊಡುತ್ತಾನಲ್ಲ, ಆ ಕೆಲಸ. ಪಾಳಿ ಬದಲಾಗುವಾಗ ನಾನು ಕೈಗೆ ಕೊಡುತ್ತಿದ್ದದ್ದು ಒಂದು ಬಿಲ್ಲೆ, ಕೊಕ್ಕೆಗೆ ವಾಪಸು ಬರುತ್ತಿದ್ದದ್ದು ಇನ್ನೊಂದು. ಅಸಲಿ ಅವನ ಜೇಬಿನಲ್ಲೇ, ಮರುದಿನ ಬೆಳಿಗ್ಗೆ ಜೊತೆಗೆ ತರಲಿಕ್ಕೆ.

ಆಗ ನನ್ನ ತಲೆಯಲ್ಲಿ ಎರಡು ಮಾತು ಒಟ್ಟಿಗೆ ಓಡಿದವು. ಜೋಡಿ ಬಿಲ್ಲೆ ಮಾಡಿಸಿದ್ದಾನೆ ಅಂದರೆ ಇಲ್ಲಿ ನೇತುಹಾಕಿ ಬೇರೆಲ್ಲೋ ಹೋಗಲಿಕ್ಕೆ. ಏರ್‌ಪೋರ್ಟಿನ ಶೆಡ್ಡಿಗೇ ಹೋಗಿರಬೇಕು, ಹೆಂಡತಿಗೆ ಟೀಮ್ ಡ್ಯೂಟಿ ಅಂತ ಸುಳ್ಳು ಹೇಳಿ. ಆದರೆ ಹಳೆಯದು ಕಳೆದುಹೋಗಿ, ನನ್ನ ಬೈಗುಳಕ್ಕೆ ಹೆದರಿ ಹೊಸದು ಮಾಡಿಸಿದ್ದರೆ? ಹಾಗಿದ್ದರೆ ಬೆನ್ನಿ ಮಹಡಿಯಲ್ಲಿ ಹೊಗೆ ಕುಡಿಯುತ್ತಾ ಬಿದ್ದಿದ್ದಾನೆ, ನಾನು ಅವನನ್ನು ಹುಡುಕಬೇಡಿ ಅಂತ ಹೇಳಲಿಕ್ಕೆ ಹೊರಟಿದ್ದೇನೆ. ಸೀಲಿಂಗಿನ ತಗಡು ಕಟಕಟ ಅನ್ನುವ ಸದ್ದು ಅಂಗಳಕ್ಕೇ ಕೇಳುತ್ತಿತ್ತು.

ಆಫೀಸರ್ ಹತ್ತಿರ ಓಡಿದೆ. "ಒಳಗೆ ಯಾರೂ ಇಲ್ಲ. ಈ ಬಿಲ್ಲೆ ಸುಳ್ಳು. ನಿಮ್ಮವರನ್ನು ಕರೆಯಿರಿ."

"ಖಂಡಿತವಾ?"

ನನಗೆ ಖಂಡಿತ ಇರಲಿಲ್ಲ. "ಖಂಡಿತ" ಅಂದೆ.

ಅವರು ನನ್ನ ಮುಖ ಒಂದು ಕ್ಷಣ ನೋಡಿ ಸೀಟಿ ಊದಿದರು, ಬಿಡದೆ ಊದಿದರು. ಒಳಗಿನ ಕೂಗು ನಿಂತಿತು. ಒಬ್ಬ ಮೆಟ್ಟಿಲ ಬುಡದಲ್ಲಿ ಕಾಣಿಸಿಕೊಂಡ. ಇನ್ನೊಬ್ಬ, ನನ್ನ ಹತ್ತಿರ ಹೆಸರು ಕೇಳಿದವ, ಬರಲಿಲ್ಲ. ಆಮೇಲೆ ತಿಳಿದದ್ದು: ಅವನು ಇಳಿಯಲಿಕ್ಕೆ ತಿರುಗಿದ್ದ, ಆಗ ಲಾಕರ್ ರೂಮಿನಿಂದ ಒಂದು ಸ್ವರ ಕೇಳಿತಂತೆ. ಗಂಡಸಿನ ಸ್ವರ, ಅರ್ಥವಾಗದ ಭಾಷೆ. ಸಿಕ್ಕಿದ ಅಂದುಕೊಂಡು ವಾಪಸು ನುಗ್ಗಿದ. ಸೀಲಿಂಗ್ ಆಗಲೇ ಬಿತ್ತು. ಅವನ ಜೊತೆಗಾರ ಹಿಂದೆ ಹೋಗಿ, ತಗಡಿನ ಅಡಿಯಿಂದ ಎಳೆದು ತಂದ. ಅಂಗಳದ ಸಿಮೆಂಟಿನ ಮೇಲೆ ಮಲಗಿಸಿ ಮುಖವಾಡ ತೆಗೆದಾಗ ಆ ಮನುಷ್ಯ ಹೇಳಿದ್ದು ಇಷ್ಟೇ: "ಅವನು ಅಲ್ಲಿದ್ದಾನೆ. ಉತ್ತರ ಕೊಟ್ಟ."

ನಾನು ಕೊಂದೆ, ಬೆನ್ನಿಯನ್ನು ನಾನೇ ಕೊಂದೆ ಅಂತ ಅಲ್ಲೇ ಕುಸಿದು ಕೂತೆ. ಗುಜರಾತಿ ಮುದುಕಿ ಬಂದು ತನ್ನ ಕೋಟನ್ನು ನನ್ನ ಹೆಗಲಿಗೆ ಹೊದೆಸಿದ್ದು ನೆನಪುಂಟು. ಇನ್ನಾರನ್ನೂ ಒಳಗೆ ಕಳಿಸಲಿಕ್ಕೆ ಸಾಧ್ಯವಿರಲಿಲ್ಲ, ಮಹಡಿಯೇ ಉಳಿದಿರಲಿಲ್ಲ. ಆಫೀಸರ್ ನನ್ನ ಪಕ್ಕದಲ್ಲಿ ನಿಂತು, ನನಗೋ ತನಗೋ ಎಂಬಂತೆ, "ಅವನು ನಮ್ಮ ಸ್ಟೇಷನ್ನಿನವನೇ ಅಲ್ಲ. ಬೆಳಿಗ್ಗೆ ನಮ್ಮಲ್ಲಿ ಒಬ್ಬ ಕಡಿಮೆ ಬಿದ್ದ. ಊರಿನ ಆ ತುದಿಯ ರಾಮ್‌ಫರ್ಡ್ ಕಡೆಯಿಂದ ಇವನನ್ನು ಒಂದು ದಿನದ ಮಟ್ಟಿಗೆ ಕಳಿಸಿದ್ರು" ಅಂದರು. ಅವರಲ್ಲಿಯೂ ಜನ ಸಾಲದು, ಅವರೂ ಒಂದು ಕಡೆ ಬಟ್ಟೆ ಹರಿದು ಇನ್ನೊಂದು ಕಡೆ ತೇಪೆ ಹಾಕುವವರೇ ಅಂತ ನನಗೆ ಗೊತ್ತಾದದ್ದು ಆಗ.

ಬೆನ್ನಿ ಬಂದದ್ದು ಪೂರ್ತಿ ಕತ್ತಲಾದ ಮೇಲೆ. ಹೆಂಡತಿ ಗಾಬರಿಯಿಂದ ಗುರುತಿನವರಿಗೆಲ್ಲ ಫೋನ್ ಮಾಡಿ, ಕೊನೆಗೆ ಶೆಡ್ಡಿಗೂ ಮಾಡಿದ್ದಳು. ಗೇಟಿನಿಂದ ಓಡಿಬಂದ. "ಅಣ್ಣಾ, ಎಂತಾಯ್ತು ಅಣ್ಣಾ?" ನಾನು ಅವನನ್ನು ತಬ್ಬಿಕೊಂಡೆ. ಮುಖ, ತಲೆ, ಭುಜ ಎಲ್ಲ ಮುಟ್ಟಿ ನೋಡಿದೆ. ಆಮೇಲೆ ಕಪಾಳಕ್ಕೆ ಬಾರಿಸಿದೆ, ಅವನ ಕ್ಯಾಪು ಹಾರಿ ಅಂಗಳದಲ್ಲಿ ನಿಂತಿದ್ದ ಪೈಪಿನ ನೀರಿಗೆ ಬಿತ್ತು.

"ನಿನ್ನನ್ನು ಹುಡುಕಲಿಕ್ಕೆ ಹೋದವ ಆಂಬ್ಯುಲೆನ್ಸಿನಲ್ಲಿ ಹೋದ. ನೀನು ಎಲ್ಲಿದ್ದೆ ಮಾರಾಯ, ಎಲ್ಲಿದ್ದೆ?"

ಅವನು ಕೆನ್ನೆ ಹಿಡಿದುಕೊಂಡು, "ಹೆಂಗಸರ ದಿನ ಹೋಗ್ಬಾರ್ದು ಅಂತ ನೇತುಹಾಕಿದೆ ಅಣ್ಣಾ" ಅಂದ. ಅದು ಪೂರ್ತಿ ಸುಳ್ಳಲ್ಲ, ಅದರಲ್ಲಿ ಅರ್ಧ ಸತ್ಯ ಇದ್ದೇ ಇತ್ತು.

ಮರುದಿನ ಅವಶೇಷದಲ್ಲಿ ಹುಡುಕಿದವರಿಗೆ ಲಾಕರ್ ರೂಮಿನ ಜಾಗದಲ್ಲಿ ಸಿಕ್ಕಿದ್ದು ಕರಗಿದ ಒಂದು ರೇಡಿಯೋ. ಬ್ಯಾಟರಿಯದ್ದು, ಪ್ಯಾಕಿಂಗಿನ ಹೆಂಗಸರು ಹಿಂದಿ ಕಾರ್ಯಕ್ರಮ ಕೇಳಲಿಕ್ಕೆ ಇಟ್ಟುಕೊಂಡದ್ದು, ಯಾವತ್ತೂ ಆಫ್ ಮಾಡದ್ದು. ವಿಚಾರಣೆ ಆಯಿತು, ಬಿಲ್ಲೆಯ ವಿಷಯ ಎಲ್ಲ ಹೇಳಿದೆ. ಬೆನ್ನಿಯ ಕೆಲಸ ಹೋಯಿತು. ಟೀಮನ್ನು ಮುಚ್ಚಿದರು. ಇಷ್ಟು ವರ್ಷ ಬೇಕೆಂದರೂ ಸಿಗದ ದುಡ್ಡು ಆಗ ಸಿಕ್ಕಿತು, ಹೊಸದಾಗಿ ಕಟ್ಟಿದ ಕಾರ್ಖಾನೆಯ ಸೀಲಿಂಗಿಗೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಬಂತು.

ಆ ಫೈರ್‌ಮನ್‌ನ ಬೆನ್ನುಮೂಳೆ ಜಜ್ಜಿತ್ತು. ಮತ್ತೆ ಗಾಡಿ ಹತ್ತುವ ಹಾಗಿಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ನೋಡಲಿಕ್ಕೆ ಹೋಗುವ ಅಂದರೆ ಬೆನ್ನಿ ಪ್ರತಿ ವಾರ ಒಂದೊಂದು ನೆಪ ಹೇಳಿದ. ಕೊನೆಗೆ ಒಂದು ಭಾನುವಾರ ನಾನೇ ಅವನ ಮನೆಗೆ ಹೋಗಿ, ಕೋಟು ಹಾಕಿಸಿ ಆಸ್ಪತ್ರೆಗೆ ಎಬ್ಬಿಸಿಕೊಂಡು ಹೋದೆ.

ಮನುಷ್ಯ ಮಲಗಿಕೊಂಡೇ ನಮ್ಮನ್ನು ನೋಡಿದ. "ಇವನೇ ಬೆನ್ನಿ" ಅಂದೆ. ಆಫೀಸರ್ ಅವನಿಗೆ ಎಲ್ಲ ಹೇಳಿದ್ದರು: ಬಿಲ್ಲೆ, ಶೆಡ್ಡು, ರೇಡಿಯೋ. ಬಯ್ಯುತ್ತಾನೆ ಅಂದುಕೊಂಡೆ. ಅವನು ಬೆನ್ನಿಯನ್ನು ಹತ್ತಿರ ಕರೆದು, "ಏನಾದರೂ ಮಾತಾಡು. ನಿನ್ನ ಭಾಷೆಯಲ್ಲಿ" ಅಂದ, ಕಣ್ಣು ಮುಚ್ಚಿಕೊಂಡ.

ಬೆನ್ನಿ ಮಂಚದ ಹತ್ತಿರ ಬಗ್ಗಿದ. "ತಪ್ಪಾಯ್ತು... ನಂದು ತಪ್ಪಾಯ್ತು" ಅಂದ.

ಆ ಮನುಷ್ಯ ತುಂಬಾ ಹೊತ್ತು ಕಿವಿಗೊಟ್ಟ. ಆಮೇಲೆ ತಲೆ ಅಲ್ಲಾಡಿಸಿದ. "ಇಲ್ಲ. ಇದಲ್ಲ. ಅವನು ಬೇರೆ."

ಬಸ್ ಸ್ಟಾಪಿನಲ್ಲಿ ಬೆನ್ನಿ ಕೇಳಿದ, "ಅಣ್ಣಾ, ಅವರ ಲೆಕ್ಕದಲ್ಲಿ ಆ ಉತ್ತರ ಕೊಟ್ಟವ ಇನ್ನೂ ಅಲ್ಲೇ ಇದ್ದಾನಲ್ವಾ, ಬೆಂಕಿಯ ಒಳಗೆ?" ನಾನು ಬಸ್ಸಿನ ದಾರಿ ನೋಡಿದೆ.

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬೆನ್ನಿ ಒಬ್ಬನೇ ಆಸ್ಪತ್ರೆಗೆ ಹೋದ. ಅಲ್ಲಿಂದ ನೇರ ನಮ್ಮ ಮನೆಗೆ ಬಂದ. ಚಹಾ ಕೊಟ್ಟರೆ ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕೂತ.

"ಹೇಳಿದೆ ಅಣ್ಣಾ."

"ಎಂತ ಹೇಳಿದೆ?"

"ನಾನೇ ಇದ್ದದ್ದು ಅಂತ. ನೀವು ಕರೆದದ್ದು ಕೇಳಿತು, ಓಗೊಟ್ಟೆ, ಹೊಗೆಗೆ ಸ್ವರ ಕಟ್ಟಿತ್ತು. ನಿಮ್ಮ ಕೂಗು ಬಂದ ದಿಕ್ಕು ಹಿಡಿದು ಹಿಂದಿನ ಬಾಗಿಲಿಂದ ಹೊರಗೆ ಬಿದ್ದೆ, ನೀವು ಕರೆಯದಿದ್ರೆ ಸಾಯ್ತಿದ್ದೆ ಅಂತ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ನೀನು ಅಲ್ಲಿರಲಿಲ್ಲ ಅಂತ ಅವರಿಗೆ ಗೊತ್ತುಂಟಲ್ಲ ಬೆನ್ನೀ. ಎಲ್ಲ ಗೊತ್ತುಂಟು."

"ಗೊತ್ತುಂಟು ಅಣ್ಣಾ," ಅಂದ ಬೆನ್ನಿ. "ಮುಗಿಯುವ ತನಕ ಕಣ್ಣು ಮುಚ್ಚಿ ಕೇಳಿದ್ರು. ಮತ್ತೆ, ಇನ್ನೊಮ್ಮೆ ಹೇಳು ಅಂದ್ರು."